ಡೊಂಬಿವಲಿಯಿಂದ ಘನ್ಸೋಲಿವರೆಗೆ: 2023ರಲ್ಲಿ ನನ್ನ ಕಿವಿಯಲ್ಲಿ ಉಳಿದವು

ಡಿಸೆಂಬರ್ ಬಂತೆಂದರೆ ಹಾಡಿನ ಆ್ಯಪ್‌ಗಳೆಲ್ಲ ಲೆಕ್ಕ ಒಪ್ಪಿಸಲು ಶುರುಮಾಡುತ್ತವೆ. ವರ್ಷವಿಡೀ ಎಷ್ಟು ನಿಮಿಷ ಕೇಳಿದಿರಿ, ಯಾರನ್ನು ಹೆಚ್ಚು ಕೇಳಿದಿರಿ, ಯಾವ ಹಾಡನ್ನು ಎಷ್ಟು ಸಲ ಹಾಕಿದಿರಿ ಎಂದು ಬಣ್ಣಬಣ್ಣದ ಚೀಟಿ ತೋರಿಸುತ್ತವೆ. ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಈ ಚೀಟಿ ಹೇಗೆ ತಯಾರಾಗುತ್ತದೆ ಎಂಬುದು ನನಗೆ ಸ್ವಲ್ಪ ಗೊತ್ತು. ಆ್ಯಪ್‌ಗೆ ಎಣಿಸುವುದು ಬರುತ್ತದೆ. ಹಾಡು ಓಡುತ್ತಿದ್ದಾಗ ನಾನು ತೂಕಡಿಸುತ್ತಿದ್ದೆನೋ, ಇಳಿಯಬೇಕಾದ ಸ್ಟೇಷನ್ ಮರೆತಿದ್ದೆನೋ, ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಈ ಪಟ್ಟಿಯನ್ನು ನಾನೇ ಮಾಡಿದ್ದೇನೆ.

ಆಯ್ಕೆಗೆ ಇಟ್ಟುಕೊಂಡ ನಿಯಮ ಸರಳ. ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಥಾಣೆಯಲ್ಲಿ ಇಳಿದು ಸೇತುವೆ ದಾಟಿ, ವಾಶಿ ಕಡೆಯ ಗಾಡಿ ಹಿಡಿದು, ಘನ್ಸೋಲಿಯಲ್ಲಿ ಇಳಿದು ಆಫೀಸು ಮುಟ್ಟುವ ಹೊತ್ತಿಗೆ ಒಂದು ತಾಸು ಹಿಡಿಯುತ್ತದೆ. ಆ ಒಂದು ತಾಸು, ಭುಜಕ್ಕೆ ಭುಜ ತಾಗುವ ಜನರ ನಡುವೆ, ಮುಂದಿನ ಹಾಡಿಗೆ ಹಾರಬೇಕೆಂದು ಅನ್ನಿಸದಂತೆ ಹಿಡಿದು ನಿಲ್ಲಿಸಿದ ಸಂಗೀತ ಮಾತ್ರ ಇಲ್ಲಿದೆ. ಗಾಡಿಯ ಗದ್ದಲದಲ್ಲೂ ಗೆದ್ದ ಹಾಡು ಮನೆಯ ನಿಶ್ಶಬ್ದದಲ್ಲಿ ಸೋಲುವುದಿಲ್ಲ.

ಪಟ್ಟಿಗೆ ಮೊದಲು ಒಂದು ಮಾತು. ಹೊರನಾಡಿನಲ್ಲಿ ನಮ್ಮ ಕಿವಿಗೆ ವಯಸ್ಸಾಗುತ್ತಿದೆ. ಕಲ್ಯಾಣ, ಡೊಂಬಿವಲಿ, ಥಾಣೆ, ನವಿಮುಂಬಯಿ, ಯಾವ ಕಡೆಯ ರಾಜ್ಯೋತ್ಸವಕ್ಕೆ ಹೋದರೂ ವೇದಿಕೆಯ ಮೇಲೆ ಹೆಚ್ಚುಕಡಿಮೆ ಅವೇ ಏಳೆಂಟು ಹಾಡುಗಳು. ಡಿ.ಎಸ್. ಕರ್ಕಿ, ನಿಸಾರ್ ಅಹಮದ್, ಕೆ.ಎಸ್. ನರಸಿಂಹಸ್ವಾಮಿ, ಕೊನೆಗೊಂದು ಶರೀಫರ ಪದ. ಎಲ್ಲವೂ ಮುತ್ತುಗಳೇ. 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ, ನಾನು ಹುಟ್ಟುವ ಮೊದಲು. ಅದನ್ನು ಕೇಳಿಯೇ ಬೆಳೆದವನು ನಾನು. ಆದರೆ ಆರನೇ ಇಯತ್ತೆಯಲ್ಲಿರುವ ನನ್ನ ಮಗಳಿಗೆ ಕನ್ನಡವೆಂದರೆ ಸೀರೆ, ಪಂಚೆ, ಮೈಕು ಮತ್ತು ಅಜ್ಜ-ಅಜ್ಜಿಯ ಹಾಡು ಎಂದಾಗಿಬಿಟ್ಟರೆ? ಗೆಳತಿಯರ ಜೊತೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟೀವಿಯಲ್ಲಿ ಹಿಂದಿ. ಇವೆಲ್ಲ ಅವಳಿಗೆ ಇವತ್ತಿನ ಭಾಷೆಗಳು. ಕನ್ನಡವೊಂದೇ ನಿನ್ನೆಯದಾದರೆ ಅವಳು ಅದಕ್ಕೆ ಕೈಮುಗಿಯುತ್ತಾಳೆ, ಮಾತಾಡುವುದಿಲ್ಲ. ಅದಕ್ಕೇ ಈ ವರ್ಷ ಹಠ ಹಿಡಿದು ಹೊಸ ಕನ್ನಡವನ್ನೇ ಹೆಚ್ಚು ಕೇಳಿದೆ, ಕೇಳಿಸಿದೆ. ಇಲ್ಲಿ ಕನ್ನಡ ಚಿತ್ರ ಬಂದರೂ ವಾರಾಂತ್ಯದ ಒಂದೆರಡು ಆಟ. ಹಾಡು ಮಾತ್ರ ಬೆಂಗಳೂರಿಗೂ ನಮಗೂ ಒಂದೇ ದಿನ ಸಿಗುತ್ತದೆ.

1. ಸಪ್ತ ಸಾಗರದಾಚೆ ಎಲ್ಲೋ: ಚರಣ್ ರಾಜ್

ಈ ವರ್ಷದ ನನ್ನ ಆಲ್ಬಮ್ ಯಾವುದೆಂದು ಕೇಳಿದರೆ ಯೋಚಿಸಬೇಕಿಲ್ಲ. ಹೇಮಂತ್ ರಾವ್ ಅವರ ಚಿತ್ರ ಎರಡು ಭಾಗವಾಗಿ ಬಂತು. 'ಸೈಡ್ ಎ' ಸೆಪ್ಟೆಂಬರ್ 1ಕ್ಕೆ, 'ಸೈಡ್ ಬಿ' ನವೆಂಬರ್ 17ಕ್ಕೆ. ಹೆಸರೇ ಕ್ಯಾಸೆಟ್ಟಿನದು. ಜೈಲಿನಲ್ಲಿರುವ ಮನು, ಪ್ರಿಯಾಳ ದನಿಯನ್ನು ಕ್ಯಾಸೆಟ್ಟಿನಲ್ಲಿ ಕೇಳುತ್ತಾನೆ. ರೀಲು ಸಿಕ್ಕಿಕೊಂಡಾಗ ಪೆನ್ನು ತೂರಿಸಿ ಸುತ್ತಿದ ನಮ್ಮ ವಯಸ್ಸಿನವರಿಗೆ ಆ ಡಬ್ಬಿಯ ಬೆಲೆ ವಿವರಿಸಬೇಕಿಲ್ಲ.

ಹೇಮಂತ್ ಮತ್ತು ಚರಣ್ ಜೋಡಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016), 'ಕವಲುದಾರಿ' (2019) ಚಿತ್ರಗಳಿಂದಲೂ ಒಟ್ಟಿಗಿದೆ. ಇದೇ ಚರಣ್ 'ಟಗರು'ವಿನಲ್ಲಿ ಊರೆಲ್ಲ ಕುಣಿಯುವಂತೆ ಮಾಡಿದವರು. ಇಲ್ಲಿ ಅವರು ಅವಸರವನ್ನೇ ಬಿಟ್ಟಿದ್ದಾರೆ. ರಾಗ ಅಲೆಯ ಹಾಗೆ ಬಂದು ಹಿಂದೆ ಸರಿಯುತ್ತದೆ, ತಾಳ ಕೆಲವೆಡೆ ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಬಿಡಿಬಿಡಿಯಾಗಿ ಕೇಳಿದರೆ ಚಂದದ ಹಾಡುಗಳು; ಸಾಲಾಗಿ ಕೇಳಿದರೆ ಒಂದು ಕಥೆ. ಒಂದೊಂದೇ ಹಾಡು ಬಿಟ್ಟು, ಮೂವತ್ತು ಸೆಕೆಂಡಿನ ರೀಲಿಗೆ ಹೊಂದುವಂತೆ ಕತ್ತರಿಸುವ ಈ ಕಾಲದಲ್ಲಿ ಹೀಗೆ ಇಡಿಯಾಗಿ ನಿಲ್ಲುವ ಆಲ್ಬಮ್ ಅಪರೂಪ.

ಹೆಸರು ಗೋಪಾಲಕೃಷ್ಣ ಅಡಿಗರ ಪದ್ಯದ್ದು. ಅದೇ ಪದ್ಯವನ್ನು ನಾವು 1997ರಲ್ಲಿ 'ಅಮೆರಿಕಾ ಅಮೆರಿಕಾ' ಚಿತ್ರದಲ್ಲಿ ಮನೋಮೂರ್ತಿಯವರ ರಾಗದಲ್ಲಿ ಕೇಳಿದ್ದೆವು. ಮಗಳು ಪೋಸ್ಟರ್ ನೋಡಿ ಕೇಳಿದಳು: "ಅಪ್ಪಾ, ಆಚೆ ಅಂದ್ರೆ ಪಲೀಕಡೇ ಅಲ್ವಾ?" ಹೌದೆಂದೆ. "ಹಾಗಿದ್ರೆ ಎಲ್ಲೋ ಅಂದ್ರೆ ಕುಠೇತರೀ" ಎಂದು ತಾನೇ ಮುಗಿಸಿದಳು. ಅಡಿಗರ ಸಾಲು ಮರಾಠಿಯ ಮೆಟ್ಟಿಲು ಹತ್ತಿ ಅವಳನ್ನು ಮುಟ್ಟಿತ್ತು. ಯಾವ ಮೆಟ್ಟಿಲಾದರೂ ಆಗಲಿ, ಮುಟ್ಟಿತಲ್ಲ!

2. ಆಚಾರ್ & ಕೋ: ಬಿಂದುಮಾಲಿನಿ

ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶಿಸಿದ ಈ ಚಿತ್ರ ಜುಲೈ ಕೊನೆಗೆ ಬಂತು. ಅರವತ್ತು-ಎಪ್ಪತ್ತರ ದಶಕದ ಬೆಂಗಳೂರಿನ ದೊಡ್ಡ ಕುಟುಂಬವೊಂದರ ಕಥೆ. ತಾಂತ್ರಿಕ ತಂಡದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಸಂಗೀತ ಬಿಂದುಮಾಲಿನಿ ಅವರದು. 'ನಾತಿಚರಾಮಿ'ಯ ಹಾಡಿಗೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದವರು. ವೇದಾಂತ್ ಭಾರದ್ವಾಜ್ ಜೊತೆ 'ಸುನೋ ಭಾಯಿ' ಆಲ್ಬಮ್‌ನಲ್ಲಿ ಕಬೀರನನ್ನು ಹಾಡಿದವರು, ಅವರೊಡನೆಯೇ ತಮಿಳಿನ 'ಅರುವಿ'ಗೆ ಸಂಗೀತ ಕೊಟ್ಟವರು.

ಹಳೆಯ ಕಾಲದ ಕಥೆಯೆಂದರೆ ಹಳೆಯ ಹಾಡಿನ ನಕಲು ಮಾಡುವುದು ಸುಲಭದ ದಾರಿ. ಬಿಂದುಮಾಲಿನಿ ಆ ದಾರಿ ಹಿಡಿದಿಲ್ಲ. ಕೇಳಿದರೆ ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಅಕ್ಕನೋ ಅತ್ತೆಯೋ ಗುನುಗಿದ ಹಾಗಿದೆ, ಸುತ್ತ ಪಾತ್ರೆಯ ಸದ್ದೂ ನಗುವೂ ಇದ್ದ ಹಾಗೆ. ನನ್ನ ಹೆಂಡತಿ ಇಡೀ ವರ್ಷ ಎರಡನೇ ಸಲ ಕೇಳಲು ತಾನಾಗಿ ಒಪ್ಪಿದ ಆಲ್ಬಮ್ ಇದೊಂದೇ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

3. ಸ್ವಾತಿ ಮುತ್ತಿನ ಮಳೆ ಹನಿಯೇ: ಮಿಧುನ್ ಮುಕುಂದನ್

ನವೆಂಬರ್ 24ಕ್ಕೆ ಬಂದ ರಾಜ್ ಬಿ. ಶೆಟ್ಟಿಯವರ ಚಿತ್ರ. ಹೆಸರನ್ನು ಹಂಸಲೇಖರ 'ಬಣ್ಣದ ಗೆಜ್ಜೆ' ಹಾಡಿನಿಂದ ಪಡೆದಿದೆ. ಸಾವಿನ ಬಾಗಿಲಲ್ಲಿ ಇರುವವರನ್ನು ನೋಡಿಕೊಳ್ಳುವ ಆಶ್ರಯಧಾಮದಲ್ಲಿ ನಡೆಯುವ ಕಥೆ. 'ಗರುಡ ಗಮನ ವೃಷಭ ವಾಹನ'ದಲ್ಲಿ ಮೈ ಜುಮ್ಮೆನಿಸಿದ್ದ ಮಿಧುನ್ ಇದೇ ವರ್ಷ 'ಟೋಬಿ'ಗೂ ಸಂಗೀತ ಕೊಟ್ಟರು. ಇಲ್ಲಿ ಅವರು ಮಾಡಿದ್ದು ಕಡಿಮೆ. ಆ ಕಡಿಮೆಯೇ ಹಿಡಿಸಿತು. ಬೆಳಗಿನ ಗಾಡಿಗೆ ಇದು ಹೊಂದುವುದಿಲ್ಲ. ರಾತ್ರಿ ಎಂಟೂವರೆಯ ಮೇಲೆ, ಥಾಣೆ ದಾಟಿದ ನಂತರ ಕೇಳಿ.

4. ಡೇರ್‌ಡೆವಿಲ್ ಮುಸ್ತಾಫಾ: ನವನೀತ್ ಶ್ಯಾಮ್

ಪೂರ್ಣಚಂದ್ರ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲ್ ನಿರ್ದೇಶನ, ಹಣ ಹಾಕಿದವರು ನೂರರಷ್ಟು ತೇಜಸ್ವಿ ಅಭಿಮಾನಿಗಳು. ಮೇ 19ಕ್ಕೆ ಬಂದ ಚಿತ್ರ. ಸಂಗೀತವಾಗಿ ಇದು ಮೇಲಿನ ಮೂರರ ಸಮಕ್ಕೆ ನಿಲ್ಲುವುದಿಲ್ಲ ಎಂದು ವಾದಿಸುವವರಿದ್ದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಇದು ಮಾಡಿದ ಕೆಲಸವನ್ನು ಉಳಿದವು ಮಾಡಲಿಲ್ಲ. ಹಾಡು ಕೇಳಿ, ಕ್ರಿಕೆಟ್ ಮ್ಯಾಚ್ ನೋಡಿ, ಮಗಳು "ಈ ಕಥೆ ಪುಸ್ತಕದಲ್ಲಿದೆಯಾ?" ಎಂದಳು. 'ಅಬಚೂರಿನ ಪೋಸ್ಟಾಫೀಸು' ಕಪಾಟಿನಿಂದ ಕೆಳಗಿಳಿಯಿತು. ಅವಳಿಗೆ ಓದಲು ಬರುವುದಿಲ್ಲ. ದಿನಕ್ಕೆ ಎರಡು ಪುಟ ನಾನು ಓದಿದೆ, ಅವಳು ಕೇಳಿದಳು. ಕಥೆ ಮುಗಿಯುವ ಹೊತ್ತಿಗೆ 'ಮುಸ್ತಾಫಾ' ಎಂಬ ಒಂದು ಪದವನ್ನು ಅಕ್ಷರ ಕೂಡಿಸಿ ಗುರುತಿಸುತ್ತಿದ್ದಳು. ಒತ್ತಕ್ಷರ ಇರುವ ಪದ, ನೆನಪಿರಲಿ!

5. ದಿಸ್ ಮೊಮೆಂಟ್: ಶಕ್ತಿ

ಕನ್ನಡದ್ದಲ್ಲದ ಒಂದಕ್ಕೆ ಜಾಗ ಕೊಡಲೇಬೇಕಾಯಿತು. ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್, ಶಂಕರ್ ಮಹಾದೇವನ್, ಗಣೇಶ್ ರಾಜಗೋಪಾಲನ್, ಸೆಲ್ವಗಣೇಶ್. 1977ರ ಬಳಿಕ ಶಕ್ತಿ ತಂಡ ಸ್ಟುಡಿಯೋದಲ್ಲಿ ಮಾಡಿದ ಮೊದಲ ಆಲ್ಬಮ್ ಈ ಜೂನ್‌ನಲ್ಲಿ ಬಂತು, ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು. ಎಂಟು ತುಣುಕುಗಳಲ್ಲಿ ಒಂದು ತ್ಯಾಗರಾಜರ ಕೃತಿ. ಇನ್ನೊಂದು, ಅಗಲಿದ ಮ್ಯಾಂಡೊಲಿನ್ ಶ್ರೀನಿವಾಸರ ನೆನಪಿನದು. ಮೊದಲ ಶಕ್ತಿಯಲ್ಲಿ ಘಟ ನುಡಿಸಿದ ವಿಕ್ಕು ವಿನಾಯಕರಾಂ ಅವರ ಮಗ ಸೆಲ್ವಗಣೇಶ್. ಅಪ್ಪನ ಜಾಗದಲ್ಲಿ ಮಗ ಕೂತು ತನ್ನದೇ ತಾಳ ಹಾಕುತ್ತಿದ್ದಾನೆ. ಹಳೆಯದನ್ನು ಉಳಿಸುವುದೆಂದರೆ ಹೀಗೆ. ಇನ್ನೊಂದು ಸ್ವಾರ್ಥದ ಕಾರಣವೂ ಇದೆ: ಶಂಕರ್ ಮಹಾದೇವನ್ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದ್ದು ನಮ್ಮ ನೆರುಳದ ಕಾಲೇಜಿನಲ್ಲಿ, ಕೆಲಕಾಲ ಮಾಡಿದ್ದು ಸಾಫ್ಟ್‌ವೇರ್ ಕೆಲಸ. ಘನ್ಸೋಲಿಯ ನನ್ನಂಥವರಿಗೆ ಅಷ್ಟು ಹೆಮ್ಮೆ ಬೇಡವೇ?

ತಂಡಗಳ ಮಾತು

ಹೊಸದೇನೂ ಹೊರಬರಲಿ, ಬಿಡಲಿ, ಪ್ರತಿ ವರ್ಷ ನಾನು ಮರಳುವ ಎರಡು ತಂಡಗಳು ಅಣ್ಣ-ತಮ್ಮನವು. ತಮ್ಮ ವಾಸು ದೀಕ್ಷಿತರ 'ಸ್ವರಾತ್ಮ' 2002ರಿಂದ ಇದೆ. 'ಟೋಪಿವಾಲೆ' (2012) ಮತ್ತು 'ರಾಹ್-ಎ-ಫಕೀರಾ' (2018) ಎರಡೂ ಈಗಲೂ ಹಳತಾಗಿಲ್ಲ. ಕನ್ನಡವನ್ನೂ ಹಿಂದಿಯನ್ನೂ ಒಂದೇ ಉಸಿರಿನಲ್ಲಿ ಹಾಡುವ ಅವರ ರೀತಿ, ಮನೆಯಲ್ಲಿ ಮೂರು ಭಾಷೆ ಕಲಸಿ ಮಾತಾಡುವ ನಮಗೆ ಸಹಜವೆನಿಸುತ್ತದೆ.

ಅಣ್ಣ ರಘು ದೀಕ್ಷಿತರ ಕಥೆಯಲ್ಲಿ ನಮ್ಮ ಊರಿಗೂ ಪಾಲಿದೆ. ಮೈಸೂರಿನ ಈ ಮೈಕ್ರೋಬಯಾಲಜಿ ಪದವೀಧರರ ಮೊದಲ ಆಲ್ಬಮ್ಮನ್ನು 2008ರಲ್ಲಿ ಹೊರತಂದವರು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್. ಶರೀಫರ ಪದ ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲಿ ಸಂಕೋಚವಿಲ್ಲದೆ ಕೂತ ಆಲ್ಬಮ್ ಅದು. ಹದಿನೈದು ವರ್ಷವಾಯಿತು. ಶಿಶುನಾಳದ ಸಂತನಿಗೆ ಗಿಟಾರು ಹೊಂದುತ್ತದೆಯೇ ಎಂದು ಆಗ ಹುಬ್ಬೇರಿಸಿದ ಹಿರಿಯರೂ ಈಗ ಕಾಲು ಕುಣಿಸುತ್ತಾರೆ.

ಹಳೆಯದಕ್ಕೆ ಒಂದು ಸೀಟು

ಹೊಸದನ್ನೇ ಕೇಳುತ್ತೇನೆಂದು ಹಠ ಹಿಡಿದರೂ ಒಂದು ಸೀಟು ಹಳೆಯದಕ್ಕೆ ಕಾದಿರಿಸಿದ್ದೆ. ಅಲ್ಲಿ ಕೂತವರು ಭೀಮಸೇನ ಜೋಶಿ. ಗದಗಿನ ನೆಲದಲ್ಲಿ ಬೆಳೆದು ಪುಣೆಯಲ್ಲಿ ನೆಲೆಸಿದ ಅವರ 'ದಾಸವಾಣಿ' ಕನ್ನಡಿಗರಿಗೂ 'ಸಂತವಾಣಿ' ಮರಾಠಿಗರಿಗೂ ಮನೆಮಾತು. ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಪುರಂದರದಾಸರು ಶುರುವಾದರೆ, ಎದುರುಮನೆಯ ಮರಾಠಿ ಕಾಕು ಬಾಗಿಲು ತೆರೆದಿಟ್ಟು ಕೇಳುತ್ತಾರೆ. ಅವರಿಗೆ ಮಾತು ತಿಳಿಯುವುದಿಲ್ಲ, ವಿಠ್ಠಲ ತಿಳಿಯುತ್ತಾನೆ. ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡದವನೆಂದು ಕರೆದ ಮೇಲೆ ನಮ್ಮಿಬ್ಬರ ನಡುವೆ ತಕರಾರು ಎಲ್ಲಿಯದು?

ಆದರೆ ಭೀಮಸೇನರನ್ನು ಕೇಳುವಾಗ ನೆನಪಿಡಬೇಕಾದದ್ದೊಂದಿದೆ. ದಾಸರ ಪದ ಅವರ ಕೈಗೆ ಬಂದಾಗಲೇ ನಾನೂರು ವರ್ಷ ಹಳೆಯದು. ಅವರು ಅದನ್ನು ತಮ್ಮ ಕಾಲದ ದನಿಯಲ್ಲಿ ಹಾಡಿದ್ದಕ್ಕೇ ಅದು ನಮ್ಮ ತನಕ ಬಂತು. ರಘು ದೀಕ್ಷಿತರ ಗಿಟಾರು, ಬಿಂದುಮಾಲಿನಿಯ ಗುನುಗು, ಚರಣ್ ರಾಜ್‌ರ ಸಮುದ್ರ, ಇವು ಈಗಿನ ಮಕ್ಕಳ ಕಾಲದ ದನಿ. ಇವನ್ನು 'ಸಿನಿಮಾ ಹಾಡು' ಎಂದು ಬದಿಗಿಟ್ಟರೆ ನಷ್ಟ ಚರಣ್ ರಾಜ್‌ಗಲ್ಲ, ನಮಗೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ 2023ರ ನವೆಂಬರ್‌ಗೆ 50 ವರ್ಷ ತುಂಬಿತು. ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಸಂಘಗಳ ಹಿರಿಯರಲ್ಲಿ ಒಂದು ಸಣ್ಣ ಬಿನ್ನಹ. ಏಳೆಂಟು ಹಾಡುಗಳಲ್ಲಿ ಒಂದನ್ನು ಮಕ್ಕಳೇ ಆರಿಸಲಿ, ಅದು ಆ ವರ್ಷವೇ ಹುಟ್ಟಿದ ಹಾಡಾಗಿರಲಿ. ಉಚ್ಚಾರ ತಪ್ಪಬಹುದು, 'ಳ'ಕಾರ 'ಲ'ಕಾರವಾಗಬಹುದು. ಹಾಡಲಿ ಬಿಡಿ. ತಿದ್ದುವುದು ನಾಳೆಗೂ ಆದೀತು.

ನಿಮ್ಮ ಪಟ್ಟಿಯಲ್ಲಿ ಏನಿದೆ, ಬರೆದು ತಿಳಿಸಿ. ಜನವರಿಯ ಗಾಡಿಗಳಿಗೆ ನನಗೆ ಹೊಸ ಹಾಡು ಬೇಕು.