ಬಾವಿಯ ತಳದ ಮೂವರು ಮೇಷ್ಟ್ರು

ಜೀಬೆಸ್ ಗ್ರಹದ ಹೊಟ್ಟೆಯೊಳಗೆ, ಬ್ರಿನ್‌ಸ್ಟಾರ್ ಎಂಬ ಗುಹೆಗಳ ಸೀಮೆಯಲ್ಲಿ, ಬಾವಿಯಂಥ ಆಳವಾದ ಒಂದು ಸುರಂಗವಿದೆ. ಇಳಿದವರಿಗೆ ಮೇಲೆ ಬರುವ ದಾರಿ ತೋಚುವುದಿಲ್ಲ. ತಳದಲ್ಲಿ ಮೂರು ಪುಟ್ಟ ಪ್ರಾಣಿಗಳಿವೆ. ನೋಡನೋಡುತ್ತಲೇ ಅವು ಒಂದು ಗೋಡೆಗೆ ಜಿಗಿದು, ಅದನ್ನೇ ಒದ್ದು ಎದುರುಗೋಡೆಗೆ ಹಾರಿ, ಮತ್ತೆ ಒದ್ದು, ಮತ್ತೆ ಹಾರಿ, ಸರಸರನೆ ಮೇಲೇರಿಬಿಡುತ್ತವೆ! ತೆರೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಹೀಗೆ ಮಾಡು ಎಂದು ಯಾರೂ ಹೇಳುವುದಿಲ್ಲ. ಪಾಠ ಅಷ್ಟೇ, ಮುಗಿಯಿತು.

1994ರಲ್ಲಿ ಯೋಶಿಯೋ ಸಕಾಮೊಟೊ ನಿರ್ದೇಶನದಲ್ಲಿ ನಿಂಟೆಂಡೊ ಹೊರತಂದ 'ಸೂಪರ್ ಮೆಟ್ರಾಯ್ಡ್' ಆಟವಿದು. ನಾಯಕಿ ಸಾಮಸ್ ಆರನ್ ಬಾಂಬು, ಕ್ಷಿಪಣಿ, ಎತ್ತರಕ್ಕೆ ನೆಗೆಸುವ ಬೂಟು ಎಲ್ಲವನ್ನೂ ಒಂದೊಂದಾಗಿ ಹುಡುಕಿಕೊಳ್ಳಬೇಕು. ಆದರೆ ಗೋಡೆ ಒದ್ದು ಹಾರುವ ವಿದ್ಯೆ? ಅದು ಗ್ರಹಕ್ಕೆ ಕಾಲಿಟ್ಟ ಗಳಿಗೆಯಿಂದಲೇ ಅವಳ ಬಳಿಯಿದೆ! ಗಿರಗಿರ ತಿರುಗುತ್ತಾ ಜಿಗಿದು, ಗೋಡೆ ತಾಕುತ್ತಲೇ ಎದುರು ದಿಕ್ಕಿನ ಬಟನ್ ಒತ್ತಿ, ಮರುಕ್ಷಣವೇ ಜಿಗಿತದ ಬಟನ್ ಒತ್ತಿದರೆ ಸಾಕು. ಕೈ ಪಳಗಿದವರಿಗೆ ಎರಡು ಗೋಡೆಯೂ ಬೇಡ, ಒಂದೇ ಗೋಡೆಯನ್ನು ಹತ್ತುತ್ತಾ ಹೋಗುತ್ತಾರೆ.

ಇಲ್ಲೇ ಲೆವೆಲ್ ವಿನ್ಯಾಸದ ಬೆರಗು ಕಣ್ಣಿಗೆ ಹೊಡೆಯುತ್ತದೆ. ರಜೆಯ ದಿನ ಆರಾಮಾಗಿ ಆಡುವ ಹುಡುಗಿ ಈ ವಿದ್ಯೆಯನ್ನು ಕಲಿಯದೆಯೂ ಆಟ ಮುಗಿಸಬಹುದು. ಅವಳಿಗೆ ಗೋಡೆ ಎಂದರೆ ಗೋಡೆ. ಗಡಿಯಾರದ ಜೊತೆ ಜಿದ್ದಿಗೆ ಬಿದ್ದ ಸ್ಪೀಡ್‌ರನ್ನರ್‌ಗೆ ಅದೇ ಗೋಡೆ ಮೆಟ್ಟಿಲು. ಬೂಟು ಸಿಗುವ ಮೊದಲೇ ಎತ್ತರದ ಅಂಚನ್ನು ಮುಟ್ಟಿರುತ್ತಾನೆ. ಅವನಿಗಾಗಿ ಬೇರೆ ಹಾದಿ ಕಡಿದಿಲ್ಲ, ಅವಳಿಗಾಗಿ ಏನನ್ನೂ ಸುಲಭಗೊಳಿಸಿಲ್ಲ. ಒಂದೇ ನೆಲದಲ್ಲಿ ಇಬ್ಬರಿಗೂ ತುಂಬು ಆಟ! ಬೇಗ ಆಡುವವರನ್ನು ತಯಾರಕರು ಬಯಸಿಯೇ ಇದ್ದರು ಎನ್ನುವುದಕ್ಕೆ ಸಾಕ್ಷಿಯೂ ಆಟದಲ್ಲೇ ಇದೆ: 3 ಗಂಟೆಯೊಳಗೆ ಮುಗಿಸಿದವರಿಗೆ ಮಾತ್ರ ಕವಚ ಕಳಚಿದ ಸಾಮಸ್‌ಳ ದರ್ಶನ.

ಮೌನಪಾಠ ಅಲ್ಲಿಗೇ ನಿಲ್ಲುವುದಿಲ್ಲ. ಉಷ್ಟ್ರಪಕ್ಷಿಯಂಥ ಡಾಚೋರಾ ಓಡಿ ಓಡಿ, ಒಂದರೆಗಳಿಗೆ ನಿಂತು, ಬಾಣದಂತೆ ಮೇಲಕ್ಕೆ ಚಿಮ್ಮಿ ತೋರಿಸುತ್ತದೆ. ಹಾಗೆ ಚಿಮ್ಮಲು ಸಾಮಸ್‌ಗೂ ಸಾಧ್ಯ.

ಹೇಳದೆಯೇ ವಿದ್ಯೆಯನ್ನು ಕೈಗಿಟ್ಟಿರುವ ಇದೇ ಗುಣ ಸುಮಾರು ಕಾಲು ಶತಮಾನದ ನಂತರ 'ಸೆಲೆಸ್ಟ್' ಆಟದಲ್ಲೂ ಕಾಣುತ್ತದೆ. 2018ರ ಈ ಬೆಟ್ಟ ಹತ್ತುವ ಆಟದಲ್ಲಿ ಓರೆಯಾಗಿ ನೆಲಕ್ಕೆ ನುಗ್ಗಿ, ಆ ರಭಸದಲ್ಲೇ ಜಿಗಿದರೆ ನಾಯಕಿ ಮ್ಯಾಡ್‌ಲಿನ್ ಬಹುದೂರ ಜಾರಿಹೋಗುತ್ತಾಳೆ. 'ವೇವ್‌ಡ್ಯಾಶ್' ಎಂಬ ಈ ಪಟ್ಟು ಮೊದಲ ಅಧ್ಯಾಯದಲ್ಲೇ ಕೆಲಸ ಮಾಡುತ್ತದೆ. ಆಟ ಅದನ್ನು ಬಾಯಿಬಿಟ್ಟು ಕಲಿಸುವುದು 2019ರಲ್ಲಿ ಸೇರಿದ ಕೊನೆಯ ಅಧ್ಯಾಯದಲ್ಲಿ! ಹಿಂತಿರುಗಿ ಹೋಗಿ ಮೊದಲ ಅಧ್ಯಾಯ ಆಡಿ ನೋಡಿ. ಅದೇ ಬಂಡೆ, ಅದೇ ಕಂದಕ, ಆದರೂ ಅದು ನೀವು ಕಂಡ ಜಾಗವೇ ಅಲ್ಲ.

ಆದರೆ ನನ್ನನ್ನು ದಂಗುಬಡಿಸಿದ್ದು ಜೀಬೆಸ್‌ನ ಕೊನೆಯ ಬಾಗಿಲು. ನಾಲ್ವರು ರಾಕ್ಷಸರ ಒಂದು ಪ್ರತಿಮೆ ಅಲ್ಲಿ ದಾರಿ ಕಟ್ಟಿ ನಿಂತಿದೆ. ನಾಲ್ವರೂ ಸತ್ತರೆ ಅದು ತಗ್ಗಿ ದಾರಿ ಬಿಡುತ್ತದೆ. ಕ್ರೇಡ್, ಫ್ಯಾಂಟೂನ್, ಡ್ರೇಗನ್, ರಿಡ್ಲಿ ಎಂಬ ಕ್ರಮದಲ್ಲಿ ಆಟ ನಮ್ಮನ್ನು ನಯವಾಗಿ ನಡೆಸುತ್ತದೆ, ನಿಜ. ಪ್ರತಿಮೆ ಮಾತ್ರ ಕ್ರಮ ಕೇಳುವುದಿಲ್ಲ! ನಾಲ್ವರೂ ಹೋದರೇ ಎಂಬುದಷ್ಟೇ ಅದಕ್ಕೆ ಬೇಕು. ಆ ಒಂದು ಸಡಿಲನ್ನು ಹಿಡಿದು ಜನ ಇಡೀ ಆಟವನ್ನು ತಿರುವುಮುರುವಾಗಿಸಿದರು. ಶಾಖ ತಡೆಯುವ ಕವಚ ಸಿಗುವುದು ಕ್ರೇಡ್‌ನನ್ನು ಸೋಲಿಸಿದ ಮೇಲೆ. ಅವರಿಗೆ ಕ್ರೇಡ್ ಕೊನೆಯವನು! ಹಾಗಾಗಿ ಕವಚವಿಲ್ಲದೆ, ಕ್ಷಣಕ್ಷಣಕ್ಕೂ ಪ್ರಾಣಶಕ್ತಿ ಸೋರುವ ನಾರ್ಫೇರ್ ಎಂಬ ಕುಲುಮೆಯೊಳಗೆ ನುಗ್ಗಿ, ಮೊದಲು ರಿಡ್ಲಿಯನ್ನೇ ಕೆಡವುತ್ತಾರೆ. ಆಮೇಲೆ ನೀರಿನಡಿಯ ಡ್ರೇಗನ್, ಆಮೇಲೆ ಫ್ಯಾಂಟೂನ್. ಮೊದಲ ಸಲ ಆಡುವವರ ಎದೆ ನಡುಗಿಸುವ ದೈತ್ಯ ಕ್ರೇಡ್, ಆಟದ ಬಹುಪಾಲು ಆಯುಧಗಳನ್ನು ಹೊತ್ತು ಬಂದ ಸಾಮಸ್‌ಳ ಮುಂದೆ ನಿಲ್ಲುವುದು ಕಟ್ಟಕಡೆಗೆ!