ಅಣೆಕಟ್ಟಿನ ಅಡಿಯೂ ಮನೆಯ ನಲ್ಲಿಯೂ

ಬರಗಾಲ ಬಂತೆಂದರೆ ಮೈಸೂರಿನ ಪತ್ರಿಕೆಗಳಲ್ಲಿ ಕನ್ನಂಬಾಡಿಯ ನೀರಿನ ಮಟ್ಟವು ಒಳಪುಟದಿಂದ ಮುಖಪುಟಕ್ಕೆ ಬರುತ್ತದೆ. ೨೦೨೩ರಲ್ಲಿ ಮುಂಗಾರು ಕೈಕೊಟ್ಟು, ಸರ್ಕಾರವು ನಾಡಿನ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ ಮೇಲೆ, ಮುಂದಿನ ಬೇಸಗೆಯ ತನಕವೂ ಹೀಗೆಯೇ ನಡೆಯಿತು. ಸರಸ್ವತಿಪುರಂನ ನಮ್ಮ ಬಾಡಿಗೆಯ ಮನೆಯಲ್ಲಿ ಪತ್ರಿಕೆಯನ್ನು ಓದಿ ಹೇಳುವ ಕೆಲಸ ನನ್ನದು. ಅವ್ವನಿಗೆ ಅಕ್ಷರ ಬಾರದು. ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಾಳೀಕೆ ನಲ್ಲೀಲಿ ನೀರು ಬತ್ತದಾ ಮಗ?" ಒಂದು ದಿನ ನಾನು ಅಂಕಿಯನ್ನು ನೋಡಿ, "ತೊಂಬತ್ತು ಅಡಿ ಇದೆ ಕಣವ್ವ, ತುಂಬಿದರೆ ನೂರಿಪ್ಪತ್ತೈದು. ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರಿದೆ" ಎಂದುಬಿಟ್ಟೆ. ಈ ತಪ್ಪನ್ನು ಮಾಡಿದವನು ನಾನೊಬ್ಬನೇ ಅಲ್ಲವೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಅಡಿಯೆಂಬುದು ಎತ್ತರದ ಅಳತೆಯೇ ಹೊರತು ನೀರಿನ ಅಳತೆಯಲ್ಲ. ಜಲಾಶಯವು ಕೊಳಗದಂತೆ ನೆಟ್ಟಗಿರುವುದಿಲ್ಲ. ಬಾಣಲೆಯಂತೆ ಮೇಲೆ ಹೋದಂತೆಲ್ಲ ಅಗಲವಾಗುತ್ತದೆ. ಆದುದರಿಂದ ಮೇಲಿನ ಹತ್ತಡಿಯಲ್ಲಿ ನಿಲ್ಲುವಷ್ಟು ನೀರು ಕೆಳಗಿನ ಹತ್ತಡಿಯಲ್ಲಿ ನಿಲ್ಲದು. ೧೨೪.೮೦ ಅಡಿ ತುಂಬಿದಾಗ ಕನ್ನಂಬಾಡಿಯಲ್ಲಿ ೪೯.೪೫ ಟಿ.ಎಂ.ಸಿ. ನೀರಿರುತ್ತದೆ, ನೂರಡಿಗೆ ಇಳಿಯುವಾಗಲೇ ಅದು ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ತಳದ ಒಂದಷ್ಟು ನೀರಂತೂ ಬಳಕೆಗೆ ಸಿಗದು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು ೨೮ ಲೀಟರ್. ೨೦೨೩ರ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ ೫,೦೦೦ ಕ್ಯುಸೆಕ್ ಬಿಡಬೇಕೆಂಬ ನಿರ್ದೇಶನ ಬಂದು ಬಂದ್‌ಗಳು ನಡೆದುವಷ್ಟೆ. ಆ ಪ್ರಮಾಣದಲ್ಲಿ ಒಂದು ಟಿ.ಎಂ.ಸಿ. ಹರಿದುಹೋಗಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಈ ಗುಣಾಕಾರವನ್ನು ನಾವು ತರಿಸುವ ಪತ್ರಿಕೆ ಎರಡು ಸಾಲಿನಲ್ಲಿ ಮಾಡಿ ತೋರಿಸಿದ್ದರೆ ಟೀ ಅಂಗಡಿಯ ಅರ್ಧ ವಾದಗಳು ಅಲ್ಲಿಗೇ ಮುಗಿಯುತ್ತಿದ್ದುವು.

೨೦೨೪ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕೈದೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡವೆಂದು ಪ್ರಕಟಿಸಿತು. ನಾವು ಕಂಡ ತಲೆಬರಹದಲ್ಲಿ ದಂಡವಷ್ಟೇ ದಪ್ಪಕ್ಷರದಲ್ಲಿತ್ತು. ಊರಿನ ಹೆಸರು ಕೆಳಗಿತ್ತು. ಅಷ್ಟು ದೂರ ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ನಮ್ಮ ವಠಾರದಲ್ಲಿ ಎರಡು ದಿನ ತುಳಸಿಗೂ ನೀರಿಲ್ಲ.

ನಮ್ಮ ನಗರಕ್ಕೆ ಹೊಂಗಳ್ಳಿ, ಬೆಳಗೊಳಗಳಿಂದ ಕಾವೇರಿಯ ನೀರು ಬರುತ್ತದೆ. ಕಬಿನಿಯ ನೀರೂ ಉಂಟು. ಅಣೆಕಟ್ಟಿನಲ್ಲಿ ನೀರಿದ್ದರೂ ಪಂಪು ಕೆಟ್ಟರೆ, ಕರೆಂಟು ಹೋದರೆ, ಕೊಳವೆ ಒಡೆದರೆ ನಲ್ಲಿ ಒಣಗುತ್ತದೆ. ಆ ಸಂಗತಿ ಮುಖಪುಟಕ್ಕೆ ಬರುವುದಿಲ್ಲ. "ನೀರು ಸರಬರಾಜಿನಲ್ಲಿ ವ್ಯತ್ಯಯ" ಎಂಬ ಹೆಸರಿನಲ್ಲಿ, ಬಡಾವಣೆಗಳ ಪಟ್ಟಿಯೊಡನೆ, ಒಳಪುಟದಲ್ಲಿ ಎರಡು ಬೆರಳಗಲ ಜಾಗದಲ್ಲಿ ಅಡಗಿರುತ್ತದೆ. ಅವ್ವನ ಪ್ರಶ್ನೆಗೆ ಉತ್ತರವಿದ್ದುದು ಅಲ್ಲಿ.

ನಾನು ಮುಕ್ಕಾಲು ಪಾಲು ಎಂದ ಮರುದಿನ ನೀರು ಬರಲಿಲ್ಲ. ಹಿಂದಿನ ದಿನದ ಪತ್ರಿಕೆಯನ್ನು ತಿರುವಿದೆ. ಐದನೆಯ ಪುಟದ ಮೂಲೆಯಲ್ಲಿ ಸರಸ್ವತಿಪುರಂ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅವ್ವ ಮಾತ್ರ ರಾತ್ರಿಯೇ ಡ್ರಮ್ಮು, ಕೊಡ, ಬೋಸಿಗಳನ್ನೆಲ್ಲ ತುಂಬಿಸಿಟ್ಟಿದ್ದಳು. "ನಿನ್ನ ಪೇಪರ್ ನಂಬ್ಕಂಡು ಕೂತಿದ್ರೆ ಆಯ್ತಿತ್ತು" ಎಂದಳು. ಈಗ ನಾನು ಪತ್ರಿಕೆಯನ್ನು ಐದನೆಯ ಪುಟದಿಂದಲೇ ಓದಲು ತೊಡಗುತ್ತೇನೆ.