ಓದೋದು ಇವನು, ಬರೆಯೋದು ಡಿ.ಟಿ.ಪಿ. ಅಂಗಡಿಯವನು!

ಮಲಪನಗುಡಿ: ಹೊಸಪೇಟೆ ಕಡೆ ಹೋಗುವ ಬೆಳಗಿನ ಬಸ್ಸು. ಹಾಲಿನ ಕ್ಯಾನು, ಬಾಳೆಗೊನೆ, ಕಾಲೇಜು ಹುಡುಗಿಯರ ಬ್ಯಾಗು ಎಲ್ಲದರ ನಡುವೆ ಒಬ್ಬ ಹುಡುಗ ದಪ್ಪನೆ ಫೈಲೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಹುಡುಗ ಅಂದರೆ ಮೂವತ್ತರ ಹತ್ತಿರದವನು. ಪಿಎಚ್.ಡಿ. ಮಾಡುತ್ತಿದ್ದಾನೆ.

'ಎಲ್ಲಿಗಪ್ಪ ಹೊರಟಿ?' ಎಂದೆ.

'ಡಿ.ಟಿ.ಪಿ. ಅಂಗಡಿಗೆ ಸಾರ್.'

'ಟೈಪ್ ಮಾಡ್ಸೋಕಾ?'

ಹುಡುಗ ಕಿಟಕಿ ಕಡೆ ಮುಖ ತಿರುಗಿಸಿದ. 'ಟೈಪೂ ಮಾಡ್ತಾರೆ, ಬರ್ದೂ ಕೊಡ್ತಾರೆ ಸಾರ್. ಪುಟಕ್ಕಿಷ್ಟು ಅಂತ.'

ಓದುಗರೇ, ಇವನಿಗೆ ವಿಷಯ ಗೊತ್ತಿಲ್ಲ ಅಂತ ಮಾತ್ರ ತಿಳಿಯಬೇಡಿ. ವಿಜಯನಗರದ ಕಾಲದಿಂದ ಹರಿದು ಬಂದಿರುವ ಬಸವಣ್ಣ ಕಾಲುವೆಯ ನೀರನ್ನು ರೈತರು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದು ಇವನ ವಿಷಯ. ಕೂಲಿ ಮಾಡುವ ತಾಯಿಯ ಮಗ. ಕಾಲುವೆ ದಂಡೆಯ ಮೇಲೆ ಮೂರು ವರ್ಷ ಓಡಾಡಿದ್ದಾನೆ. ಯಾವ ತೂಬಿಗೆ ಯಾರು ಕಲ್ಲು ಅಡ್ಡ ಇಡುತ್ತಾರೆ, ರಾತ್ರಿ ನೀರು ಕಟ್ಟಲು ಯಾರನ್ನು ಕಳಿಸುತ್ತಾರೆ, ಜಗಳ ಎಲ್ಲಿ ಶುರುವಾಗಿ ಯಾವ ಕಟ್ಟೆಯ ಮೇಲೆ ಮುಗಿಯುತ್ತೆ, ಎಲ್ಲಾ ಬಾಯಲ್ಲೇ ಇದೆ. ಅನಂತಶಯನಗುಡಿ ಬರುವಷ್ಟರಲ್ಲಿ ನನಗೆ ಅರ್ಧ ಪುಸ್ತಕ ಹೇಳಿ ಮುಗಿಸಿದ. ಆದರೆ ಐದು ವರ್ಷದಲ್ಲಿ ಬರೆದಿರುವುದು ಒಂದೇ ಅಧ್ಯಾಯ. ಯುಜಿಸಿ ನಿಯಮದಂತೆ ಆರು ವರ್ಷ ಗಡುವು. ಆಮೇಲೆ ಅರ್ಜಿ ಹಾಕಿಕೊಂಡು ಕಾಲಾವಕಾಶ ಬೇಡಬೇಕು.

ಯಾವ ವಿಶ್ವವಿದ್ಯಾಲಯ ಅಂತ ಬರೀಬೇಡಿ ಸಾರ್ ಎಂದು ಕೈಮುಗಿದ. ಬರೆಯುವುದಿಲ್ಲ. ಇದು ಒಂದು ವಿಶ್ವವಿದ್ಯಾಲಯದ ಕಥೆಯೂ ಅಲ್ಲ.

ಆ ಒಂದು ಅಧ್ಯಾಯವನ್ನು ಓದು ಎಂದೆ. ಓದಿದ. 'ನೀರಾವರಿ ವ್ಯವಸ್ಥೆಯು ಸಮಾಜೋ ಆರ್ಥಿಕ ಆಯಾಮಗಳನ್ನು ಒಳಗೊಂಡಿರುವುದಾಗಿದ್ದು...' ಪಕ್ಕದ ಸೀಟಿನ ಅಜ್ಜಿ, ಬಾಳೆಗೊನೆಯ ಒಡತಿ, ತಡೆಯಲಾಗದೆ ಕೇಳಿಯೇಬಿಟ್ಟಳು: 'ಯಾವ ಕಾಲುವೆ ಅಂತ ಹೇಳಲೇ ಇಲ್ಲಲ್ಲೋ ತಮ್ಮಾ?'

ಸ್ವಾಮಿ, ಆ ಅಜ್ಜಿ ಕೇಳಿದ್ದನ್ನು ಐದು ವರ್ಷದಲ್ಲಿ ಯಾರೂ ಇವನಿಗೆ ಕೇಳಿರಲಿಲ್ಲ!

ಯಾರ ಕೆಲಸ ಇದು?

ಬರೆಯೋದನ್ನು ಕಲಿಸೋದು ಯಾರ ಕೆಲಸ? ಇತಿಹಾಸದ ಮೇಷ್ಟ್ರನ್ನು ಕೇಳಿ, 'ಅದು ಕನ್ನಡ ವಿಭಾಗದವರದ್ದು' ಅನ್ನುತ್ತಾರೆ. ಕನ್ನಡದ ಮೇಷ್ಟ್ರನ್ನು ಕೇಳಿ, 'ನಾವು ಪಂಪ, ಕುಮಾರವ್ಯಾಸ ಹೇಳೋರು, ಕಾಲುವೆ ಲೆಕ್ಕ ನಮಗೇನು ಗೊತ್ತು' ಅನ್ನುತ್ತಾರೆ. ಇಂಜಿನಿಯರಿಂಗ್ ಕಡೆ ಹೋದರೆ ಅದು ಇಂಗ್ಲಿಷ್ ಮೇಡಂ ಕೆಲಸ. ಇಬ್ಬರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಮೂವರ ಜಗಳ.

ನಮ್ಮ ಡ್ಯಾಮಿನ ವಿಷಯವನ್ನೇ ತಗೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋಯ್ತು. ನಮ್ಮಂಥ ಪತ್ರಿಕೆಯವರು 'ಕೊಚ್ಚಿ ಹೋಯ್ತು' ಅಂತ ದೊಡ್ಡ ಅಕ್ಷರದಲ್ಲಿ ಹಾಕಿದರೆ ಕೆಲಸ ಮುಗೀತು. ಇಂಜಿನಿಯರು ಹಾಗೆ ಬರೆದು ಕೈ ತೊಳೆದುಕೊಳ್ಳೋಕಾಗುತ್ತಾ? ಎಷ್ಟು ಹೊತ್ತಿಗೆ, ಒಳಹರಿವು ಎಷ್ಟಿತ್ತು, ಚೈನಿನ ಯಾವ ಕೊಂಡಿ, ಹಿಂದೆ ತಪಾಸಣೆ ಯಾವಾಗ ಆಗಿತ್ತು, ಸ್ಟಾಪ್‌ಲಾಗ್ ಇಳಿಸುವಾಗ ಏನೇನು ಮಾಡಿದರು, ಇದನ್ನೆಲ್ಲ ಮುಂದೆ ಬರುವ ಇನ್ನೊಬ್ಬ ಇಂಜಿನಿಯರು ಓದಿ ಗೇಟು ಉಳಿಸಿಕೊಳ್ಳುವ ಹಾಗೆ ಬರೆಯಬೇಕು. ಅದೇ ಗೇಟಿನ ಬಗ್ಗೆ ಅರ್ಥಶಾಸ್ತ್ರದ ವಿದ್ಯಾರ್ಥಿ ಬರೆದರೆ ಕಂಪ್ಲಿ ಭತ್ತದ ಲೆಕ್ಕ ಬರುತ್ತೆ. ಇತಿಹಾಸದವನು ಬರೆದರೆ ಎಪ್ಪತ್ತು ವರ್ಷ ಹಿಂದಕ್ಕೆ, ಡ್ಯಾಮು ಕಟ್ಟಿದ ಕಾಲಕ್ಕೆ ಹೋಗುತ್ತಾನೆ. ಮಹಿಳಾ ಅಧ್ಯಯನದವಳು ನಾಟಿ ನಿಂತರೆ ಯಾರ ಕೂಲಿ ಹೋಗುತ್ತೆ ಅಂತ ಕೇಳುತ್ತಾಳೆ. ಗೇಟು ಒಂದೇ, ಬರವಣಿಗೆ ನಾಲ್ಕು. ನಾಲ್ಕನ್ನೂ ಒಬ್ಬ ಭಾಷಾ ಮೇಷ್ಟ್ರ ತಲೆಗೆ ಕಟ್ಟಿದರೆ ಆತ ಪಾಪ ಏನು ಮಾಡಿಯಾನು? ಕಾಗುಣಿತ ತಿದ್ದಿಯಾನು.

ವಿ.ಟಿ.ಯು. 2022ರ ಸ್ಕೀಮಿನಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಇಂಗ್ಲಿಷಿನಲ್ಲಿ ವೃತ್ತಿ ಬರವಣಿಗೆಯದ್ದೇ ಒಂದು ಪೇಪರ್ ಇಟ್ಟಿದೆ. ಕನ್ನಡದ್ದೂ ಒಂದು ಪೇಪರಿದೆ. ಇಟ್ಟಿದ್ದು ಒಳ್ಳೆಯದೇ. ಆದರೆ ಮೊದಲ ವರ್ಷದಲ್ಲೇ ಒಂದು ಪೇಪರ್ ಪಾಸು ಮಾಡಿ ಕೈಬಿಟ್ಟರೆ, ನಾಲ್ಕನೇ ವರ್ಷದ ಪ್ರಾಜೆಕ್ಟ್ ರಿಪೋರ್ಟು ಎಲ್ಲಿಂದ ಬರುತ್ತೆ? ಹಿಂದಿನ ಬ್ಯಾಚಿನ ಸಿ.ಡಿ.ಯಿಂದ ಬರುತ್ತಿತ್ತು, ಈಗ ಪೆನ್‌ಡ್ರೈವಿನಿಂದ ಬರುತ್ತೆ.

ಎರಡು ಸೆಂಟ್ರಲ್ ಕಾಲೇಜು

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ಐಯೋವಾದಲ್ಲಿ ಸೆಂಟ್ರಲ್ ಕಾಲೇಜ್ ಅಂತ ಒಂದಿದೆ. 1970ರ ಆಸುಪಾಸಿನಲ್ಲಿ ಅಲ್ಲಿ ಬಾರ್ಬರಾ ವಾಲ್‌ವೂರ್ಡ್ ಎಂಬ ಅಧ್ಯಾಪಕಿ ಬೇರೆ ಬೇರೆ ವಿಷಯದ ಮೇಷ್ಟ್ರುಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ವಿದ್ಯಾರ್ಥಿಗಳಿಗೆ ಬರೆಯೋದನ್ನು ಕಲಿಸೋದು ಹೇಗೆ ಅಂತ ಚರ್ಚೆ ಹಚ್ಚಿದರು. ಅದೇ ಮುಂದೆ ಎಷ್ಟೋ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. 1975ರಲ್ಲಿ ಇಂಗ್ಲೆಂಡಿನ ಬುಲಕ್ ಸಮಿತಿಯೂ ಶಾಲೆಗಳಿಗೆ ಅದೇ ಮಾತು ಹೇಳಿತು: ಭಾಷೆ ಕಲಿಸೋದು ಎಲ್ಲ ವಿಷಯದ ಮೇಷ್ಟ್ರ ಹೊಣೆ.

ನಮ್ಮಲ್ಲೂ ಒಂದು ಸೆಂಟ್ರಲ್ ಕಾಲೇಜಿತ್ತು, ಬೆಂಗಳೂರಿನಲ್ಲಿ. ಅಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನೂರು ವರ್ಷಕ್ಕೂ ಹಿಂದೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. 'ಇದು ನನ್ನ ಡಿಪಾರ್ಟ್‌ಮೆಂಟಲ್ಲ' ಅಂತ ಅವರು ಅಂದಿದ್ದರೆ?

ಇನ್ನು ನಮ್ಮ ಬಾಗಿಲಿಗೇ ಬರೋಣ. ಮಲಪನಗುಡಿಯಿಂದ ಬಹಳ ದೂರವೇನಿಲ್ಲ, ವಿದ್ಯಾರಣ್ಯದಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ. 1991ರಲ್ಲಿ ಶುರುವಾಯ್ತು, ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಬಸ್ಸಿನ ಜನ ಅದನ್ನು ಕಥೆ, ಕವನದ ಯೂನಿವರ್ಸಿಟಿ ಅಂದುಕೊಂಡಿದ್ದಾರೆ. ಅಲ್ಲ. ಶಾಸನ, ಪುರಾತತ್ವ, ಬುಡಕಟ್ಟು, ಅಭಿವೃದ್ಧಿ, ಮಹಿಳಾ ಅಧ್ಯಯನ, ಎಲ್ಲವನ್ನೂ ಅಲ್ಲಿ ಕನ್ನಡದಲ್ಲಿ ಬರೆಯಬೇಕು. ಇಂಗ್ಲಿಷಿನವನಿಗೆ ಎದುರಿಗೆ ಸಾವಿರ ಮಾದರಿ ಇರುತ್ತೆ, ನೋಡಿಕೊಂಡು ಬರೀತಾನೆ. ಕನ್ನಡದಲ್ಲಿ ಮಣ್ಣಿನ ಪದರದ ಬಗ್ಗೆ, ಕೂಲಿ ದರದ ಬಗ್ಗೆ ಬರೆಯುವವನು ವಾಕ್ಯವನ್ನೇ ಹೊಸದಾಗಿ ಕಟ್ಟಬೇಕು. ಅಲ್ಲಿನ ಪ್ರಸಾರಾಂಗದ ಪುಸ್ತಕಗಳನ್ನು ತಿರುವಿದರೆ, ಹಾಗೆ ಕಟ್ಟಿದವರೂ ಸಿಗುತ್ತಾರೆ, ನಮ್ಮ ಹುಡುಗನ ಹಾಗೆ 'ಒಳಗೊಂಡಿರುವುದಾಗಿದ್ದು' ಅಂತ ಎಡವಿದವರೂ ಸಿಗುತ್ತಾರೆ. ಎಡವಿದ್ದು ತಪ್ಪಲ್ಲ. ಎಡವಿದಾಗ ಪಕ್ಕದಲ್ಲಿ ಕೈ ಹಿಡಿಯುವವರು ಇರಬೇಕು ಅಷ್ಟೇ.

ಕೆಂಪು ಪೆನ್ನಿನ ಮನುಷ್ಯ

ನನ್ನ ಕಥೆ ಎರಡು ಸಾಲು ಹೇಳ್ತೀನಿ, ಬೇಸರ ಬೇಡ. ನಾನು ಪಿಯುಸಿ ಸೈನ್ಸ್ ಅರ್ಧಕ್ಕೆ ಬಿಟ್ಟವನು. ಕಾಲೇಜಿನ ಹೆಸರು ಬೇಡ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಒಂದು ಸಲ ನನ್ನ ಮಾತಿನಲ್ಲೇ ಬರೆದೆ, ಲೋಲಕ ಯಾಕೆ ಸರಿಯಾಗಿ ತೂಗಲಿಲ್ಲ ಅಂತ. ಮೇಷ್ಟ್ರು ಪುಟದ ತುಂಬ ಅಡ್ಡಗೀಟು ಹಾಕಿ, 'ಸೀನಿಯರ್ ರೆಕಾರ್ಡ್ ನೋಡಿ ಬರಿ' ಅಂದರು. ನೋಡಿ ಬರೆದೆ, ಪೂರ್ತಿ ಅಂಕ ಬಂತು. ಆ ವರ್ಷ ನಾನು ಕಲಿತಿದ್ದು ಕಾಪಿ ಹೊಡೆಯೋದನ್ನು.

ಬರೆಯೋದು ಕಲಿತಿದ್ದು ಪತ್ರಿಕೆ ಆಫೀಸಿನಲ್ಲಿ. ವಯಸ್ಸಾದ ಸಬ್ ಎಡಿಟರೊಬ್ಬರು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. 'ಬಸ್ಸು ಉರುಳಿತು ಅಂತೀಯ, ಯಾವ ಕಡೆಗೆ ಉರುಳಿತು? ಸಂಡೂರು ರಸ್ತೆ ಅಂತೀಯ, ಯಾವ ತಿರುವು? ನೀನು ನೋಡಿದೆಯೋ, ಯಾರೋ ಹೇಳಿದ್ದೋ?' ವ್ಯಾಕರಣದ ಸುದ್ದಿಯೇ ಇಲ್ಲ. ಸುದ್ದಿ ಗೊತ್ತಿದ್ದ ಮನುಷ್ಯ, ಅದಕ್ಕೇ ಸುದ್ದಿ ಬರೆಯೋದು ಕಲಿಸಿದರು. ಕಾಲುವೆ ಗೊತ್ತಿದ್ದವರೇ ಕಾಲುವೆ ಬರೆಯೋದನ್ನು ಕಲಿಸಬೇಕು, ಇದು ನನ್ನ ಪಿಯುಸಿ ಫೇಲ್ ಬುದ್ಧಿಗೆ ಹೊಳೆದದ್ದು.

ಸರ್ಕಾರಕ್ಕೆ ಹೊಳೆದಿಲ್ಲ ಅಂತಲ್ಲ. 2022ರ ನವೆಂಬರಿನ ಯುಜಿಸಿ ನಿಯಮದಲ್ಲಿ, ವಿಷಯ ಯಾವುದೇ ಇರಲಿ, ಪಿಎಚ್.ಡಿ. ಮಾಡುವವರು ತಮ್ಮ ವಿಷಯದ ಬೋಧನೆ, ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು ಅಂತ ಕಂಡಿದೆ. ನಕಲು ಹಿಡಿಯುವ ನಿಯಮ ಅದಕ್ಕೂ ಮುಂಚೆ, 2018ರಲ್ಲೇ ಬಂತು. ನಕಲು ಶೇಕಡ 60 ದಾಟಿದರೆ ನೋಂದಣಿಯೇ ರದ್ದು. ಕಳ್ಳನನ್ನು ಹಿಡಿಯೋಕೆ ಮೊದಲು ಲಾಠಿ ತಂದರು, ದುಡಿಯೋದು ಕಲಿಸೋಣ ಅಂತ ಆಮೇಲೆ ನೆನಪಾಯ್ತು. ಆದರೆ ಡಿ.ಟಿ.ಪಿ. ಅಂಗಡಿಯವನು ಹೊಸದಾಗೇ ಬರೆದುಕೊಟ್ಟರೆ ಯಾವ ಲಾಠಿಗೂ ಸಿಗೋದಿಲ್ಲ. ಈಗಂತೂ ಮೊಬೈಲೇ ಬರೆದುಕೊಡುತ್ತೆ, ಅಂಗಡಿಯವನ ಹೊಟ್ಟೆಗೂ ಕಲ್ಲು ಬಿತ್ತು.

ಹೊಸಪೇಟೆ ಬಸ್ ಸ್ಟ್ಯಾಂಡು ಬಂತು. ಅಜ್ಜಿಯ ಬಾಳೆಗೊನೆಯನ್ನು ಹುಡುಗನೇ ಇಳಿಸಿಕೊಟ್ಟ. ಚಹಾ ಕುಡಿಯೋಣ ಬಾ ಎಂದೆ. ಬೆಂಚಿನ ಮೇಲೆ ಕೂತು ಆ ಅಧ್ಯಾಯದ ಮೊದಲ ಪುಟ ತೆಗೆದ. 'ಅಜ್ಜಿಗೆ ಹೇಳಿದ ಹಾಗೆ ಬರಿ, ಮೊದಲು ಕಾಲುವೆ ಹೆಸರು, ಆಮೇಲೆ ಆ ಕಲ್ಲು' ಎಂದೆ. ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. ಚಹಾ ಆರಿ ಹೋಯ್ತು. ಆರು ಸಾಲಾಯ್ತು. ಕೆಳಭಾಗದ ರೈತನೊಬ್ಬ ನಡುರಾತ್ರಿ ಲಾಟೀನು ಹಿಡಿದು ತೂಬಿನ ಕಲ್ಲು ಸರಿಸೋಕೆ ಬರುತ್ತಾನೆ, ಅಲ್ಲಿಗೆ ನಿಂತಿತು.

'ಗೈಡು ಒಪ್ತಾರಾ ಸಾರ್ ಇದನ್ನ?'

ನನಗೇನು ಗೊತ್ತು! ಕೇಳು ಎಂದೆ.

ಫೈಲು ಕಟ್ಟಿಕೊಂಡು ಎದ್ದ. ಡಿ.ಟಿ.ಪಿ. ಅಂಗಡಿ ಕಡೆಗೇ ಹೋದ. 'ಇದಿಷ್ಟು ಟೈಪ್ ಮಾತ್ರ ಮಾಡಿಸ್ತೀನಿ ಸಾರ್. ಉಳಿದ ಅಧ್ಯಾಯದ್ದು ಆಮೇಲೆ ನೋಡೋಣ' ಅಂದ.